ಭಾವನೆಯನ್ನು ಗುರುತಿಸಿ ಹೇಳಲಾಗದ ತೊಡಕು ಮತ್ತು ಅದರ ಅಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ತನ್ನ ಭಾವನೆಯನ್ನು ತಾನೇ ಗುರುತಿಸಲು ಮತ್ತು ಅದನ್ನು ಇನ್ನೊಬ್ಬರಿಗೆ ಹೇಳಲು ಆಗದ ತೊಡಕನ್ನು ಅಳೆಯುವ ಪ್ರಶ್ನಾವಳಿಗಳ ಬಗ್ಗೆ ಪತ್ರಗಳಲ್ಲಿ, ತರಗತಿಗಳಲ್ಲಿ, ಮಾತುಕತೆಯ ನಡುವೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಮೊದಲ ಭಾಗಗಳು ಈ ವಿಷಯಕ್ಕೆ ಹೊಸಬರಾದವರಿಗೆ; ಕೊನೆಯ ಭಾಗ ಮನೋವಿಜ್ಞಾನದ ವಿದ್ಯಾರ್ಥಿಗಳಿಗೆ ಮತ್ತು ಸಂಶೋಧಕರಿಗೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪ್ರಶ್ನೆಗಳು

ಒಳಗೆ ಏನೋ ಆಗುತ್ತಿರುತ್ತದೆ, ಆದರೆ ಅದು ಏನು ಅಂತ ಹೇಳಲು ಬರುವುದಿಲ್ಲ. ಇದಕ್ಕೆ ಏನಾದರೂ ಹೆಸರಿದೆಯೇ?

ಇದೆ. ಮನೋವಿಜ್ಞಾನದಲ್ಲಿ ಇದನ್ನು ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿದ್ದ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದ ಆರಂಭದಲ್ಲಿ ಈ ಪದವನ್ನು ಬಳಕೆಗೆ ತಂದರು. ಮಾನಸಿಕ ಒತ್ತಡದೊಂದಿಗೆ ನಂಟಿದೆಯೆಂದು ಆಗ ತಿಳಿಯಲಾಗಿದ್ದ ದೈಹಿಕ ಕಾಯಿಲೆಗಳ ರೋಗಿಗಳನ್ನು ಮಾತನಾಡಿಸುವಾಗ ಅವರೂ ಅವರ ಸಹೋದ್ಯೋಗಿ ಜಾನ್ ನೆಮಿಯಾ ಅವರೂ ಒಂದು ಸಂಗತಿಯನ್ನು ಗಮನಿಸಿದ್ದರು. ಈ ರೋಗಿಗಳು ನೋವು ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಅಂದು ಮನೆಯಲ್ಲಿ ಯಾರು ಯಾರು ಇದ್ದರು ಎಂಬುದನ್ನೆಲ್ಲ ಸವಿವರವಾಗಿ ಹೇಳುತ್ತಿದ್ದರು. ಆದರೆ ಆಗ ನಿಮಗೆ ಏನನಿಸಿತು ಎಂದು ಕೇಳಿದೊಡನೆ ಮಾತು ನಿಂತುಹೋಗುತ್ತಿತ್ತು.

ಇಂದು ಈ ಪದದಡಿ ಮುಖ್ಯವಾಗಿ ನಾಲ್ಕು ಲಕ್ಷಣಗಳನ್ನು ಸೇರಿಸುತ್ತಾರೆ. ತನಗಾಗುತ್ತಿರುವುದು ಯಾವ ಭಾವನೆ ಎಂದು ಗುರುತಿಸಲು, ಅದನ್ನು ದೇಹದ ಅನುಭವಗಳಿಂದ ಬೇರೆ ಮಾಡಿ ನೋಡಲು ಕಷ್ಟವಾಗುವುದು ಮೊದಲನೆಯದು. ಗುರುತಿಸಿದ್ದನ್ನು ಮಾತಿಗೆ ತರಲು ಕಷ್ಟವಾಗುವುದು ಎರಡನೆಯದು. ಯೋಚನೆಯೆಲ್ಲ ಹೊರಗಿನ ಘಟನೆಗಳ ಸುತ್ತಲೇ ತಿರುಗುತ್ತ ಒಳಮುಖವಾಗದಿರುವುದು ಮೂರನೆಯದು. ಕಲ್ಪನೆ ಮತ್ತು ಹಗಲುಗನಸುಗಳು ಕಡಿಮೆಯಿರುವುದು ನಾಲ್ಕನೆಯದು. ಈ ನಾಲ್ಕನೆಯದು ನಿಜವಾಗಿಯೂ ಅಲೆಕ್ಸಿಥೈಮಿಯಾದ ಭಾಗವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಹಾಗಾದರೆ ಇದು ಮಾನಸಿಕ ಕಾಯಿಲೆಯೇ?

ಅಲ್ಲ. ಮಾನಸಿಕ ಕಾಯಿಲೆಗಳನ್ನು ವರ್ಗೀಕರಿಸುವ ಎರಡು ಪ್ರಮುಖ ಪಟ್ಟಿಗಳಲ್ಲಿ, ಅಂದರೆ ಅಮೆರಿಕದ ಡಿ.ಎಸ್.ಎಂ. ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಐ.ಸಿ.ಡಿ.ಯಲ್ಲಿ, ಅಲೆಕ್ಸಿಥೈಮಿಯಾ ಒಂದು ಕಾಯಿಲೆಯಾಗಿ ನಮೂದಾಗಿಲ್ಲ. ಇದು ಎತ್ತರದಂತೆ ಎಲ್ಲರಲ್ಲೂ ಹೆಚ್ಚು ಕಡಿಮೆ ಪ್ರಮಾಣದಲ್ಲಿರುವ ಗುಣ. ಇದ್ದವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ ಎಂದು ಗೆರೆ ಎಳೆಯಲು ಬರುವುದಿಲ್ಲ. ಅಂಥ ಸಹಜ ಗೆರೆಯೊಂದು ಇದೆಯೇ ಎಂದು ಅಂಕಿ-ಅಂಶಗಳ ಮೂಲಕವೇ ಪರೀಕ್ಷಿಸಿದ 2008ರ ಅಧ್ಯಯನವೂ ಇದು ನಿರಂತರವಾಗಿ ಹರಡಿಕೊಂಡಿರುವ ಗುಣ ಎಂಬ ತೀರ್ಮಾನಕ್ಕೇ ಬಂದಿತು.

ಕಾಯಿಲೆಯಲ್ಲ ಎಂದ ಮಾತ್ರಕ್ಕೆ ಕಷ್ಟವಿಲ್ಲ ಎಂದಲ್ಲ. ಈ ಗುಣ ಹೆಚ್ಚಿರುವವರಲ್ಲಿ ಖಿನ್ನತೆ, ಆತಂಕ, ಆಹಾರಸೇವನೆಯ ತೊಂದರೆಗಳು, ವ್ಯಸನ ಮತ್ತು ಕಾರಣ ಸಿಗದ ದೈಹಿಕ ನೋವುಗಳು ಹೆಚ್ಚಾಗಿ ಕಾಣಿಸುತ್ತವೆ. ತನಗೇನಾಗುತ್ತಿದೆ ಎಂದು ತಿಳಿಯದವರು ಸಹಾಯ ಕೇಳುವುದೂ ತಡವಾಗುತ್ತದೆ, ಕೇಳಿದಾಗ ವೈದ್ಯರಿಗೆ ವಿವರಿಸುವುದೂ ಕಷ್ಟವಾಗುತ್ತದೆ. ಇದನ್ನು ಅಳೆಯುವ ಪ್ರಯತ್ನಕ್ಕೆ ಬೆಲೆ ಬರುವುದು ಇಲ್ಲಿಯೇ.

ನಮ್ಮ ತಂದೆಯದು ಮಾತೇ ಕಡಿಮೆ. ಯಾವತ್ತೂ ಅತ್ತದ್ದನ್ನು ನೋಡಿಲ್ಲ. ಅವರಿಗೂ ಇದೇ ಇದೆಯೇ?

ಮಾತು ಕಡಿಮೆ ಎಂಬುದರಿಂದ ಏನೂ ತಿಳಿಯುವುದಿಲ್ಲ. ದುಃಖವಾಗಿದೆ ಎಂದು ಸ್ಪಷ್ಟವಾಗಿ ಗೊತ್ತಿದ್ದೂ ಮಕ್ಕಳ ಮುಂದೆ ತೋರಿಸಬಾರದೆಂದು ನುಂಗಿಕೊಳ್ಳುವವರು ಬೇರೆ. ದುಃಖವೋ ದಣಿವೋ ಹಸಿವೋ ಎಂದು ತಮಗೇ ತಿಳಿಯದವರು ಬೇರೆ. ಮೊದಲನೆಯವರು ಭಾವನೆಯನ್ನು ತಡೆಹಿಡಿಯುತ್ತಾರೆ, ಮತ್ತು ನಂಬಿಕಸ್ಥರೊಬ್ಬರು ಪಕ್ಕದಲ್ಲಿ ಕುಳಿತಾಗ ಒಂದೇ ಮಾತಿನಲ್ಲಿ ಅದನ್ನು ಖಚಿತವಾಗಿ ಹೇಳಬಲ್ಲರು. ಎರಡನೆಯವರು ಎಷ್ಟೋ ಸಲ ಬಹಳ ಮಾತನಾಡುವವರೇ ಆಗಿರುತ್ತಾರೆ. ನಡೆದದ್ದನ್ನೆಲ್ಲ ಹೇಳುತ್ತಾರೆ, ಅದು ತಮಗೆ ಏನು ಮಾಡಿತು ಎಂಬುದೊಂದೇ ಅವರ ಮಾತಿನಲ್ಲಿ ಇರುವುದಿಲ್ಲ.

ಗಂಡಸರೆಲ್ಲ ಹೀಗೇ ಅಲ್ಲವೇ?

ವ್ಯತ್ಯಾಸವಿದೆ, ಆದರೆ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಫಿನ್ಲೆಂಡಿನಲ್ಲಿ ಸುಮಾರು 1,300 ವಯಸ್ಕರ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುರುಷರ ಪೈಕಿ ಶೇ 17, ಮಹಿಳೆಯರ ಪೈಕಿ ಶೇ 10 ಮಂದಿ ಹೆಚ್ಚಿನ ಅಂಕದ ಗುಂಪಿಗೆ ಬಂದರು. ಒಟ್ಟಾರೆ ಪ್ರಮಾಣ ಶೇ 13. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಗಂಡು-ಹೆಣ್ಣಿನ ಸರಾಸರಿಗಳ ಅಂತರ ಚಿಕ್ಕದೇ. ಗಂಡಸರೊಳಗಿನ ವ್ಯತ್ಯಾಸ ಗಂಡಸರಿಗೂ ಹೆಂಗಸರಿಗೂ ನಡುವಿನ ವ್ಯತ್ಯಾಸಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ‘ಗಂಡಸರಲ್ಲವೇ, ಅಷ್ಟೇ’ ಎಂದು ಒಬ್ಬರ ಕಷ್ಟವನ್ನು ತಳ್ಳಿಹಾಕುವುದೂ ತಪ್ಪು, ಹೆಂಗಸರಲ್ಲಿ ಇದನ್ನು ಹುಡುಕದೇ ಇರುವುದೂ ತಪ್ಪು.

## ಪ್ರಶ್ನಾವಳಿ ಮತ್ತು ಅಂಕ

ಕಣ್ಣಿಗೆ ಕಾಣದ ಇಂಥದ್ದನ್ನು ಅಳೆಯುವುದಾದರೂ ಹೇಗೆ?

ಹೆಚ್ಚು ಬಳಕೆಯಲ್ಲಿರುವುದು ಟೊರಾಂಟೊ ಅಲೆಕ್ಸಿಥೈಮಿಯಾ ಮಾಪಕ. ಕೆನಡಾದ ಗ್ರೇಮ್ ಟೇಲರ್ ಮತ್ತು ಸಂಗಡಿಗರು ರೂಪಿಸಿದ ಇದರ ಮೊದಲ ಆವೃತ್ತಿ 1985ರಲ್ಲಿ ಬಂದಾಗ 26 ಹೇಳಿಕೆಗಳಿದ್ದವು. ಇಂದು ಎಲ್ಲೆಡೆ ಬಳಸುವ 20 ಹೇಳಿಕೆಗಳ ರೂಪವನ್ನು, ಅಂದರೆ ಟಿ.ಎ.ಎಸ್-20ನ್ನು, ಟೇಲರ್, ಮೈಕೆಲ್ ಬ್ಯಾಗ್ಬಿ ಮತ್ತು ಜೇಮ್ಸ್ ಪಾರ್ಕರ್ ಪ್ರಕಟಿಸಿದ್ದು 1994ರಲ್ಲಿ. ಪ್ರತಿ ಹೇಳಿಕೆಗೂ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬುದರಿಂದ ‘ಪೂರ್ತಿ ಒಪ್ಪುತ್ತೇನೆ’ ಎಂಬುದರವರೆಗೆ 1ರಿಂದ 5ರೊಳಗಿನ ಒಂದು ಅಂಕವನ್ನು ಗುರುತು ಮಾಡಬೇಕು.

ಇಪ್ಪತ್ತರಲ್ಲಿ 7 ಹೇಳಿಕೆಗಳು ಭಾವನೆಯನ್ನು ಗುರುತಿಸುವ ಕಷ್ಟಕ್ಕೆ, 5 ಅದನ್ನು ವಿವರಿಸುವ ಕಷ್ಟಕ್ಕೆ, 8 ಹೊರಮುಖ ಯೋಚನೆಗೆ ಸಂಬಂಧಿಸಿವೆ. ಕಲ್ಪನೆಯ ಕೊರತೆಗೆ ನೇರವಾದ ಹೇಳಿಕೆಗಳು ಈ ಆವೃತ್ತಿಯಲ್ಲಿಲ್ಲ. ಐದು ಹೇಳಿಕೆಗಳು ತದ್ವಿರುದ್ಧ ದಿಕ್ಕಿನಲ್ಲಿವೆ, ಅವುಗಳ ಅಂಕವನ್ನು ತಿರುವಿ ಕೂಡಬೇಕು: 5 ಎಂದಿದ್ದರೆ 1, 4 ಎಂದಿದ್ದರೆ 2. ಒಟ್ಟು ಅಂಕ 20ರಿಂದ 100ರವರೆಗೆ ಇರಬಹುದು. 51 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೊಡಕಿಲ್ಲವೆಂದೂ, 52ರಿಂದ 60 ಮಧ್ಯದ ಗುಂಪೆಂದೂ, 61 ಮತ್ತು ಮೇಲ್ಪಟ್ಟು ಹೆಚ್ಚಿನ ಅಲೆಕ್ಸಿಥೈಮಿಯಾ ಎಂದೂ ಸಾಮಾನ್ಯವಾಗಿ ಹಂಚುತ್ತಾರೆ.

ಮೊಬೈಲ್‌ನಲ್ಲಿ ಟೆಸ್ಟ್ ಮಾಡಿದೆ, 64 ಬಂತು. ನನಗೆ ಭಾವನೆಗಳೇ ಇಲ್ಲ ಅಂತಲೇ?

ಖಂಡಿತ ಅಲ್ಲ. ಈ ಮಾಪಕದ ಒಂದು ಹೇಳಿಕೆಯೂ ನಿಮ್ಮಲ್ಲಿ ಭಾವನೆ ಇದೆಯೇ ಇಲ್ಲವೇ ಎಂದು ಕೇಳುವುದಿಲ್ಲ. ಅದು ಕೇಳುವುದು ನಿಮ್ಮ ಭಾವನೆ ನಿಮಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ, ಅದನ್ನು ಹೇಳಲು ನಿಮಗೆ ಎಷ್ಟು ಸಲೀಸು, ಅದರ ಕಡೆ ಗಮನ ಕೊಡುವ ಅಭ್ಯಾಸವಿದೆಯೇ ಎಂಬುದನ್ನು ಮಾತ್ರ. ಹೆಚ್ಚಿನ ಅಂಕ ಬಂದ ಅನೇಕರು ತೀವ್ರವಾದ ತಳಮಳವನ್ನೇ ಅನುಭವಿಸುತ್ತಿರುತ್ತಾರೆ.

ಎರಡನೆಯ ವಿಷಯ ಆ ಸಂಖ್ಯೆಯದು. 1994ರ ಮೂಲ ಅಧ್ಯಯನದಲ್ಲಿ ಮಾಪಕದ ಆಂತರಿಕ ವಿಶ್ವಾಸಾರ್ಹತೆ (ಹೇಳಿಕೆಗಳು ಒಂದಕ್ಕೊಂದು ಎಷ್ಟು ತಾಳೆಯಾಗುತ್ತವೆ ಎಂಬುದರ ಅಳತೆ, ಗರಿಷ್ಠ 1) 0.81 ಇತ್ತು, ಅದೇ ಜನ ಮೂರು ವಾರಗಳ ಅಂತರದಲ್ಲಿ ಮತ್ತೆ ತುಂಬಿದಾಗ ಎರಡರ ನಡುವಿನ ಹೊಂದಾಣಿಕೆ 0.77. ಇವು ಒಳ್ಳೆಯ ಅಂಕಿಗಳೇ. ಆದರೂ ಅಂಕಗಳ ಪ್ರಮಾಣಿತ ವಿಚಲನೆ (ಸರಾಸರಿಯ ಸುತ್ತ ಅಂಕಗಳು ಎಷ್ಟು ಹರಡಿವೆ ಎಂಬುದರ ಅಳತೆ) 12 ಎಂದು ಹಿಡಿದು ಲೆಕ್ಕ ಹಾಕಿದರೆ ಒಬ್ಬ ವ್ಯಕ್ತಿಯ ಅಂಕದಲ್ಲಿ ಸುಮಾರು 5ರಷ್ಟು ಅಳತೆಯ ದೋಷ ಸಹಜವಾಗಿಯೇ ಇರುತ್ತದೆ. ಅಂದರೆ ನಿಮ್ಮ 64 ಇನ್ನೊಂದು ದಿನ 59 ಆಗಿದ್ದರೂ ನಿಮ್ಮಲ್ಲಿ ಏನೋ ಬದಲಾಯಿತು ಎನ್ನುವಂತಿಲ್ಲ. ಅದಲ್ಲದೆ, ಮೊಬೈಲ್‌ನಲ್ಲಿ ಸಿಗುವ ಟೆಸ್ಟ್‌ಗಳೆಲ್ಲ ಟಿ.ಎ.ಎಸ್-20 ಅಲ್ಲ, ಆ ಮಾಪಕಕ್ಕೆ ಹಕ್ಕುಸ್ವಾಮ್ಯವಿದೆ, ಹಲವು ಜಾಲತಾಣಗಳು ತಮ್ಮದೇ ಹೇಳಿಕೆಗಳನ್ನು ಬರೆದುಕೊಂಡಿರುತ್ತವೆ.

ನಿಮಗೆ ಮುಖ್ಯವಾಗಬೇಕಾದ ಪ್ರಶ್ನೆ ಬೇರೆ: ಈ ತೊಡಕಿನಿಂದ ನಿದ್ದೆ, ಕೆಲಸ, ಮನೆಯವರೊಡನೆ ಸಂಬಂಧ ಇವುಗಳಿಗೆ ಪೆಟ್ಟು ಬೀಳುತ್ತಿದೆಯೇ? ಹೌದಾದರೆ ಮನೋವೈದ್ಯರನ್ನೋ ಚಿಕಿತ್ಸಾ ಮನೋವಿಜ್ಞಾನಿಯನ್ನೋ ಕಾಣಿರಿ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ‘ಏನಾಗಿದೆಯೆಂದು ನನಗೆ ಹೇಳಲು ಬರುತ್ತಿಲ್ಲ’ ಎಂಬ ಒಂದು ವಾಕ್ಯವೇ ಅಲ್ಲಿ ಸಾಕಷ್ಟು ಮಾಹಿತಿ.

ನನಗೆ ಯಾವುದಕ್ಕೂ ಖಚಿತ ಉತ್ತರ ಹೊಳೆಯಲಿಲ್ಲ, ಎಲ್ಲಕ್ಕೂ ಮಧ್ಯದ 3 ಅನ್ನೇ ಹಾಕಿದೆ. ತೊಂದರೆಯೇ?

ಲೆಕ್ಕ ಹಾಕಿ ನೋಡಿ. ಇಪ್ಪತ್ತು ಹೇಳಿಕೆಗಳಿಗೂ 3 ಹಾಕಿದರೆ ಒಟ್ಟು 60. ತಿರುವಿದರೂ 3 ಎಂಬುದು 3 ಆಗಿಯೇ ಉಳಿಯುತ್ತದೆ. ಹೆಚ್ಚಿನ ಗುಂಪಿಗೆ ಸೇರಲು ಇನ್ನು ಒಂದೇ ಅಂಕ ಸಾಕು. ಎಲ್ಲದಕ್ಕೂ ‘ಪೂರ್ತಿ ಒಪ್ಪುತ್ತೇನೆ’ ಎಂದವರಿಗೆ ಹದಿನೈದು ಹೇಳಿಕೆಗಳಿಂದ 75, ತಿರುವಿದ ಐದರಿಂದ 5, ಒಟ್ಟು 80 ಬರುತ್ತದೆ. ಎಲ್ಲವನ್ನೂ ಪೂರ್ತಿ ತಳ್ಳಿಹಾಕಿದವರಿಗೆ 15 ಮತ್ತು 25 ಸೇರಿ 40. ಹೇಳಿಕೆಗಳನ್ನು ಓದದೆಯೇ ಗೀಚಿದರೂ ಹೀಗೆ ಅರ್ಥವಿರುವಂತೆ ತೋರುವ ಸಂಖ್ಯೆಗಳು ಸಿಗುತ್ತವೆ.

ಹಿರಿಯರು, ಅಧಿಕಾರಿಗಳು, ವೈದ್ಯರು ಎದುರಿಗಿರುವಾಗ ‘ಹೌದು’ ಎನ್ನುವುದೇ ವಾಡಿಕೆಯಾಗಿರುವ ಕಡೆ ಈ ದೋಷ ಇನ್ನೂ ಹೆಚ್ಚು. ಆದ್ದರಿಂದ ಪ್ರಶ್ನಾವಳಿಯನ್ನು ಓದಿ ಹೇಳಿ ತುಂಬಿಸುವವರು ಒಟ್ಟು ಅಂಕವನ್ನು ಬರೆದುಕೊಳ್ಳುವ ಮುಂಚೆ ಉತ್ತರಗಳ ಸಾಲನ್ನು ಕಣ್ಣಾಡಿಸಬೇಕು. ‘ನನ್ನ ಭಾವನೆಯನ್ನು ಹೇಳುವುದು ನನಗೆ ಕಷ್ಟ’ ಎಂಬರ್ಥದ ಹೇಳಿಕೆಗೂ ‘ಸುಲಭ’ ಎಂಬರ್ಥದ ಹೇಳಿಕೆಗೂ ಒಬ್ಬರೇ 5 ಹಾಕಿದ್ದರೆ ಆ ಹಾಳೆಯ ಮೊತ್ತಕ್ಕೆ ಅರ್ಥವಿಲ್ಲ, ಕುಳಿತು ಮಾತನಾಡಬೇಕು.

ತನ್ನ ಮನಸ್ಸೇ ತನಗೆ ತಿಳಿಯದವನು ತನ್ನ ಬಗ್ಗೆ ಪ್ರಶ್ನಾವಳಿ ತುಂಬುವುದು ಹೇಗೆ? ಇದು ವಿಚಿತ್ರವಲ್ಲವೇ?

ಈ ಕ್ಷೇತ್ರದ ಅತ್ಯಂತ ಗಂಭೀರ ಆಕ್ಷೇಪ ಇದು, ಮತ್ತು ಇದಕ್ಕೆ ಪೂರ್ತಿ ಸಮಾಧಾನದ ಉತ್ತರವಿಲ್ಲ. ಅರ್ಧ ಉತ್ತರ ಹೀಗಿದೆ: ಭಾವನೆಯನ್ನು ಗುರುತಿಸುವುದು ಬೇರೆ, ಗುರುತಿಸಲು ಆಗುತ್ತಿಲ್ಲ ಎಂದು ತಿಳಿಯುವುದು ಬೇರೆ. ‘ನಿನಗೇನನಿಸಿತು’ ಎಂದು ಹೆಂಡತಿ ಕೇಳಿದಾಗಲೆಲ್ಲ ತಡವರಿಸುವವರಿಗೆ, ಗೆಳೆಯರು ಸರಾಗವಾಗಿ ಹೇಳಿಕೊಳ್ಳುವುದನ್ನು ತಾನು ಹೇಳಿಕೊಳ್ಳಲಾರೆ ಎಂದು ಕಂಡವರಿಗೆ, ತಮ್ಮ ತೊಡಕು ಗೊತ್ತೇ ಇರುತ್ತದೆ. ಆದರೆ ಅಂಥ ಸಂದರ್ಭಗಳೇ ಎದುರಾಗದವರಿಗೆ, ಅಥವಾ ಇದೇ ಸಹಜ ಎಂದುಕೊಂಡವರಿಗೆ, ತೊಡಕು ಹೆಚ್ಚಿದ್ದರೂ ಅಂಕ ಕಡಿಮೆಯೇ ಬರಬಹುದು.

ಈ ಕಾರಣಕ್ಕೇ ಟೊರಾಂಟೊ ತಂಡವೇ 2006ರಲ್ಲಿ 24 ಪ್ರಶ್ನೆಗಳ ಸಂದರ್ಶನವೊಂದನ್ನು ರೂಪಿಸಿತು. ಅದರಲ್ಲಿ ತರಬೇತಿ ಪಡೆದವರು ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ‘ಒಂದು ಉದಾಹರಣೆ ಹೇಳಿ’ ಎಂದು ಮುಂದುವರಿಸಿ, 0ಯಿಂದ 2ರವರೆಗೆ ಅಂಕ ಕೊಡುತ್ತಾರೆ. ‘ನನ್ನ ಭಾವನೆ ನನಗೆ ಚೆನ್ನಾಗಿ ತಿಳಿಯುತ್ತದೆ’ ಎಂದವರು ಉದಾಹರಣೆ ಕೇಳಿದಾಗ ಬರೀ ಘಟನೆಯನ್ನಷ್ಟೇ ವಿವರಿಸಿದರೆ ಅದು ಅಲ್ಲಿಯೇ ಗೊತ್ತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಚಿಕಿತ್ಸೆಯ ಕೋಣೆಯಲ್ಲಿ ಪ್ರಶ್ನಾವಳಿಗಿಂತ ಈ ಒಂದು ಅಭ್ಯಾಸ, ಉದಾಹರಣೆ ಕೇಳಿ ಕಾಯುವುದು, ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಾಯುವುದು ಎಂದರೆ ನಿಜವಾಗಿಯೂ ಕಾಯುವುದು: ಮೌನ ಸಹಿಸಲಾಗದೆ ನಾವೇ ‘ಬೇಸರವಾಯಿತಾ?’ ಎಂದು ಪದ ಕೊಟ್ಟುಬಿಟ್ಟರೆ ಅವರು ‘ಹೌದು’ ಎನ್ನುತ್ತಾರೆ, ಅಳತೆ ಅಲ್ಲಿಗೆ ಮುಗಿಯುತ್ತದೆ.

ನಮ್ಮ ಯಜಮಾನರು ಇಂಥದ್ದನ್ನೆಲ್ಲ ತುಂಬಲು ಒಪ್ಪುವುದಿಲ್ಲ. ಅವರ ಪರವಾಗಿ ನಾನೇ ತುಂಬಬಹುದೇ?

ಅವರಿಗಾಗಿ ಇರುವ ಹಾಳೆಯನ್ನು ನೀವು ತುಂಬಿದರೆ ಸಿಗುವುದು ಅವರ ಅಂಕವಲ್ಲ, ಅವರ ಬಗ್ಗೆ ನಿಮಗಿರುವ ಕಲ್ಪನೆಯ ಅಂಕ. ಹತ್ತಿರದವರು ಕಂಡದ್ದನ್ನು ದಾಖಲಿಸಲೆಂದೇ ಮಾಡಿದ ಬೇರೆ ಮಾಪಕವಿದೆ: 2000ದಲ್ಲಿ ಪ್ರಕಟವಾದ, 33 ಹೇಳಿಕೆಗಳ ವೀಕ್ಷಕರ ಮಾಪಕ. ಅದು ಒಳಗಿನದನ್ನು ಕೇಳದೆ ಹೊರಗೆ ಕಾಣುವ ನಡವಳಿಕೆಯನ್ನು ಮಾತ್ರ ಕೇಳುತ್ತದೆ. ಆದರೆ ಅದನ್ನು ಬಳಸುವುದು ಕೂಡ ವೃತ್ತಿಪರರು, ನೋಡಲ್ಪಡುವವರ ಒಪ್ಪಿಗೆಯೊಂದಿಗೆ. ಮನೆಯೊಳಗೆ ಗುಟ್ಟಾಗಿ ಅಂಕ ಹಾಕಿ, ಜಗಳದ ಹೊತ್ತಿನಲ್ಲಿ ಅದನ್ನು ಮುಂದಿಡಬೇಡಿ.

ಮಗನಿಗೆ ಹತ್ತು ವರ್ಷ. ಅವನಿಗೂ ಈ ಪರೀಕ್ಷೆ ಮಾಡಿಸಬಹುದೇ?

ವಯಸ್ಕರ ಪ್ರಶ್ನಾವಳಿ ಬೇಡ. ಹದಿಹರೆಯದವರಲ್ಲಿಯೂ ವಯಸ್ಸು ಕಡಿಮೆಯಾದಷ್ಟು ಟಿ.ಎ.ಎಸ್-20ರ ವಿಶ್ವಾಸಾರ್ಹತೆ ಇಳಿಯುತ್ತದೆ, ಏಕೆಂದರೆ ಅದರ ಭಾಷೆ ಮಕ್ಕಳಿಗೆ ಎಟಕುವುದಿಲ್ಲ. ನೆದರ್ಲೆಂಡ್ಸ್‌ನ ಸಂಶೋಧಕರು 2006ರಲ್ಲಿ ಅದನ್ನು ಮಕ್ಕಳಿಗಾಗಿ ಸರಳಗೊಳಿಸಿದ್ದಾರೆ. ಅದರಲ್ಲಿಯೂ ಹೊರಮುಖ ಯೋಚನೆಯ ಭಾಗ ದುರ್ಬಲವಾಗಿಯೇ ಉಳಿದಿದೆ. ಹತ್ತು ವರ್ಷದ ಮಗು ಭಾವನೆಗಳ ಹೆಸರುಗಳನ್ನು ಇನ್ನೂ ಕಲಿಯುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಶಾಲೆಗೆ ಹೋಗುವ ಬೆಳಿಗ್ಗೆ ಮಾತ್ರ ಹೊಟ್ಟೆನೋವು ಬರುತ್ತಿದ್ದರೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಆಮೇಲೆ ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸಿ.

## ದೇಹ, ಖಿನ್ನತೆ, ಆಟಿಸಂ

ಹೊಟ್ಟೆ ಉರಿಯುತ್ತೆ, ಎದೆ ಭಾರ, ಕರುಳು ಚುರ್ ಅಂತು ಅಂತೆಲ್ಲ ನಾವು ಹೇಳುವುದೇ ದೇಹದ ಮಾತಿನಲ್ಲಿ. ಹಾಗಾದರೆ ಕನ್ನಡಿಗರಿಗೆಲ್ಲ ಈ ತೊಡಕಿದೆಯೇ?

ಇಲ್ಲ. ಪ್ರಶ್ನಾವಳಿಯನ್ನು ಕಣ್ಣು ಮುಚ್ಚಿ ಬಳಸಿದರೆ ಹಾಗೆ ಕಾಣುವ ಅಪಾಯವಂತೂ ಇದೆ. ಟಿ.ಎ.ಎಸ್-20ರ ಗುರುತಿಸುವ ಭಾಗದಲ್ಲಿ ದೇಹದೊಳಗಿನ ಅನುಭವಗಳು ಗೊಂದಲ ತರುತ್ತವೆಯೇ, ವೈದ್ಯರಿಗೂ ಅರ್ಥವಾಗದ ಅನುಭವಗಳಿವೆಯೇ ಎಂಬರ್ಥದ ಹೇಳಿಕೆಗಳಿವೆ. ಪತ್ತೆಯಾಗದ ಥೈರಾಯ್ಡ್ ತೊಂದರೆ ಇರುವವರೂ ಇವಕ್ಕೆ ‘ಹೌದು’ ಎನ್ನುತ್ತಾರೆ.

ದೇಹದ ನುಡಿಗಟ್ಟು ಬಳಸುವವರಿಗೆ ಭಾವನೆ ತಿಳಿದಿಲ್ಲ ಎಂದು ಅರ್ಥವಲ್ಲ. ‘ಅವರ ಮನೆ ಗೃಹಪ್ರವೇಶ ನೋಡಿ ಹೊಟ್ಟೆ ಉರಿಯಿತು’ ಎನ್ನುವವರಿಗೆ ತಮಗಾದದ್ದು ಅಸೂಯೆ ಎಂದೂ, ಯಾರ ಮೇಲೆ ಎಂದೂ, ಯಾಕೆ ಎಂದೂ ಚೆನ್ನಾಗಿ ಗೊತ್ತು. ‘ಹೊಟ್ಟೆಯಲ್ಲಿ ಏನೋ ಉರಿ, ಎರಡು ತಿಂಗಳಾಯಿತು, ಗ್ಯಾಸ್ ಮಾತ್ರೆ ತೆಗೆದುಕೊಂಡರೂ ಹೋಗುತ್ತಿಲ್ಲ’ ಎನ್ನುವವರ ಮಾತಿನಲ್ಲಿ ಉರಿಗೆ ಜನರೊಡನೆ, ಘಟನೆಗಳೊಡನೆ ಯಾವ ಕೊಂಡಿಯೂ ಇಲ್ಲ. ಮೊದಲು ದೈಹಿಕ ಕಾರಣವನ್ನು ವೈದ್ಯರು ತಳ್ಳಿಹಾಕಬೇಕು. ಅದಾದ ಮೇಲೆ, ಎರಡು ತಿಂಗಳ ಹಿಂದೆ ಮನೆಯಲ್ಲಿ ಏನಾಯಿತು ಎಂದು ಕೇಳಿ, ಆ ಕೊಂಡಿ ಕೂಡುತ್ತದೆಯೇ ಎಂದು ನೋಡಬೇಕು. ಕೊಂಡಿ ತಟ್ಟನೆ ಕೂಡಿದರೆ ಅದು ಹೇಳಿಕೊಳ್ಳುವ ರೀತಿ, ಅಷ್ಟೆ. ಎಷ್ಟು ಕೇಳಿದರೂ ಕೂಡದಿದ್ದರೆ ಆಗ ಅಲೆಕ್ಸಿಥೈಮಿಯಾದ ಬಗ್ಗೆ ಯೋಚಿಸಬಹುದು.

ಈ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರು 1980ರ ದಶಕದಲ್ಲಿಯೇ ಮಾನಸಿಕ ಮೂಲದ ದೀರ್ಘಕಾಲದ ನೋವಿನ ರೋಗಿಗಳಲ್ಲಿ ಅಲೆಕ್ಸಿಥೈಮಿಯಾವನ್ನು ಅಧ್ಯಯನ ಮಾಡಿ, ಆಗ ಲಭ್ಯವಿದ್ದ ಮಾಪಕಗಳ ಗುಣದೋಷಗಳ ಬಗ್ಗೆಯೂ ಬರೆದಿದ್ದಾರೆ.

ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ ತುಂಬಿದರೆ ಅಂಕ ಸರಿಯಾಗಿ ಬರುತ್ತದೆಯೇ?

ಅಂಕ ಬರುತ್ತದೆ, ಆದರೆ ಅದರಲ್ಲಿ ಖಿನ್ನತೆಯ ಪಾಲು ಎಷ್ಟು, ನಿಮ್ಮ ಸ್ವಭಾವದ ಪಾಲು ಎಷ್ಟು ಎಂದು ಬೇರೆ ಮಾಡುವುದು ಕಷ್ಟ. ಖಿನ್ನತೆಯಲ್ಲಿ ಎಲ್ಲವೂ ಮಸುಕಾಗಿ, ತನ್ನ ಬಗ್ಗೆ ತನಗೇ ಕೆಟ್ಟ ಅಭಿಪ್ರಾಯವಿದ್ದು, ‘ನನಗೆ ಇದೂ ಬರುವುದಿಲ್ಲ’ ಎಂಬ ಹೇಳಿಕೆಗಳನ್ನೆಲ್ಲ ಒಪ್ಪುವ ಮನಸ್ಸಿರುತ್ತದೆ. ಟಿ.ಎ.ಎಸ್-20 ನಿಜವಾಗಿ ಅಳೆಯುತ್ತಿರುವುದು ಒಟ್ಟಾರೆ ಮಾನಸಿಕ ಸಂಕಟವನ್ನೇ ಎಂದು ವಾದಿಸಿದ ಸಂಶೋಧಕರೂ ಇದ್ದಾರೆ. ಅದಕ್ಕೆ ಪ್ರತಿಯಾಗಿ, ಖಿನ್ನತೆಗೆ ಚಿಕಿತ್ಸೆ ಪಡೆದವರನ್ನು ಹಿಂಬಾಲಿಸಿದ 2001ರ ಒಂದು ಅಧ್ಯಯನದಲ್ಲಿ ಖಿನ್ನತೆ ಇಳಿದಂತೆ ಸರಾಸರಿ ಅಂಕವೂ ಇಳಿಯಿತು, ಆದರೆ ಯಾರಿಗೆ ಮೊದಲು ಹೆಚ್ಚಿತ್ತೋ ಅವರಿಗೆ ಆಮೇಲೂ ಉಳಿದವರಿಗಿಂತ ಹೆಚ್ಚೇ ಇತ್ತು. ಅಂದರೆ ಮನಃಸ್ಥಿತಿಯೂ ಸ್ವಭಾವವೂ ಒಂದೇ ಸಂಖ್ಯೆಯಲ್ಲಿ ಬೆರೆತಿರುತ್ತವೆ.

ದೊಡ್ಡ ಆಘಾತವೋ ಗಂಭೀರ ದೈಹಿಕ ಕಾಯಿಲೆಯೋ ಬಂದ ಮೇಲೆ ಕಾಣಿಸಿಕೊಳ್ಳುವ ತೊಡಕನ್ನು ಮೊದಲಿನಿಂದಲೂ ಇರುವ ತೊಡಕಿನಿಂದ ಬೇರೆಯಾಗಿ ನೋಡುವ ಪದ್ಧತಿ 1970ರ ದಶಕದಿಂದಲೂ ಇದೆ. ಆದ್ದರಿಂದ ಅಂಕದ ಪಕ್ಕದಲ್ಲಿ ‘ಇದು ಎಂದಿನಿಂದ ಹೀಗೆ?’ ಎಂಬ ಪ್ರಶ್ನೆಯ ಉತ್ತರವನ್ನು ಬರೆದಿಡುವುದು ಅಗತ್ಯ. ಸಾಧ್ಯವಿದ್ದರೆ ಖಿನ್ನತೆ ಇಳಿದ ಮೇಲೆ ಇನ್ನೊಮ್ಮೆ ತುಂಬಿ ಹೋಲಿಸಿ. ಈಗಿನ ಅಂಕ ನೋಡಿ ಮಾತ್ರೆ ನಿಲ್ಲಿಸಬೇಡಿ.

ಆಟಿಸಂ ಇದ್ದವರಿಗೆಲ್ಲ ಇದೂ ಇರುತ್ತದಂತೆ, ನಿಜವೇ?

‘ಎಲ್ಲರಿಗೂ’ ಎಂಬುದು ನಿಜವಲ್ಲ. ಹಲವು ಅಧ್ಯಯನಗಳನ್ನು ಕೂಡಿಸಿ 2019ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಆಟಿಸಂ ಇರುವವರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ಹೆಚ್ಚಿನ ಅಂಕವಿತ್ತು. ಹೋಲಿಕೆಯ ಗುಂಪಿನಲ್ಲಿ ಅದು ಶೇ 5ರಷ್ಟು. ಅಂದರೆ ಇನ್ನರ್ಧ ಜನರಿಗೆ ಇಲ್ಲ. ಇಂಗ್ಲೆಂಡಿನ ಜೆಫ್ರಿ ಬರ್ಡ್ ಮತ್ತು ರಿಚರ್ಡ್ ಕುಕ್ 2013ರಲ್ಲಿ ಮಂಡಿಸಿದ ವಾದ ಇಲ್ಲಿ ಮಹತ್ವದ್ದು: ಆಟಿಸಂನ ಲಕ್ಷಣವೆಂದು ಹೇಳುತ್ತ ಬಂದಿರುವ ಭಾವನಾತ್ಮಕ ತೊಡಕುಗಳಲ್ಲಿ ಅನೇಕವು ಜೊತೆಗಿರುವ ಅಲೆಕ್ಸಿಥೈಮಿಯಾದಿಂದ ಬಂದವು, ಆಟಿಸಂನಿಂದಲ್ಲ. ಆಟಿಸಂ ಇರುವ ಮಕ್ಕಳಿಗೆ ಇನ್ನೊಬ್ಬರ ನೋವು ತಿಳಿಯುವುದಿಲ್ಲ ಎಂದು ಸಲೀಸಾಗಿ ಹೇಳಿಬಿಡುವ ನಾವೆಲ್ಲ ಈ ವಾದವನ್ನು ಗಮನವಿಟ್ಟು ಓದಬೇಕು.

ಈ ಅಂಕ ಮುಂದೆ ಕಡಿಮೆಯಾಗಬಹುದೇ, ಇಲ್ಲ ಜೀವನಪೂರ್ತಿ ಹೀಗೆಯೇ?

ಕಡಿಮೆಯಾಗಬಹುದು. ಮಾನಸಿಕ ಚಿಕಿತ್ಸೆಗಳ ಪರಿಣಾಮವನ್ನು ಪರಿಶೀಲಿಸಿದ 2014ರ ಸಮೀಕ್ಷೆಯೊಂದರ ಪ್ರಕಾರ, ಅಲೆಕ್ಸಿಥೈಮಿಯಾವನ್ನೇ ನೇರವಾಗಿ ಗುರಿಯಾಗಿಸಿಕೊಂಡ ಚಿಕಿತ್ಸೆಗಳಲ್ಲಿ ಅಂಕ ಇಳಿಯುವುದು ಹೆಚ್ಚು ಸ್ಥಿರವಾಗಿ ಕಾಣುತ್ತದೆ. ಅಂಥ ಚಿಕಿತ್ಸೆಯಲ್ಲಿ ‘ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿ’ ಎಂದು ಶುರು ಮಾಡಿದರೆ ಕೆಲಸ ಸಾಗುವುದಿಲ್ಲ. ದೇಹದಲ್ಲಿ ಎಲ್ಲಿ ಏನಾಯಿತು, ಆಗ ಎದುರಿಗೆ ಯಾರಿದ್ದರು, ಏನು ಮಾಡಬೇಕೆನಿಸಿತು ಎಂದು ಒಂದೊಂದೇ ಹೆಜ್ಜೆ ಇಟ್ಟು, ಕೊನೆಯಲ್ಲಿ ಹೆಸರಿಗೆ ಬರಬೇಕಾಗುತ್ತದೆ. ಒಂದು ವಿಷಯಕ್ಕೆ ಸಿದ್ಧರಾಗಿರಿ: ಚಿಕಿತ್ಸೆಯ ಮೊದಲ ದಿನಗಳಲ್ಲಿ ತಮ್ಮ ತೊಡಕು ಹೊಸದಾಗಿ ಅರಿವಿಗೆ ಬಂದವರ ಅಂಕ ಏರಲೂಬಹುದು, ಅದನ್ನು ಹಿನ್ನಡೆ ಎಂದು ಓದಬಾರದು.

ಕೆಲಸಕ್ಕೆ ಆಳನ್ನು ಆರಿಸುವಾಗ ಅಥವಾ ಮದುವೆಗೆ ಮುಂಚೆ ಈ ಪರೀಕ್ಷೆ ಮಾಡಿಸಬಹುದೇ?

ಬೇಡ. ಈ ಮಾಪಕಗಳು ಸಂಶೋಧನೆಗೆ ಮತ್ತು ಚಿಕಿತ್ಸೆಗೆ ನೆರವಾಗಲೆಂದು ಮಾಡಿದವು. ಒಳ್ಳೆಯವರಾಗಿ ಕಾಣಬೇಕಾದ ಸಂದರ್ಭದಲ್ಲಿ ಯಾರೂ ನಿಜ ಬರೆಯುವುದಿಲ್ಲ, ಬರೆದರೂ ಅದು ಅವರ ಪ್ರೀತಿಯನ್ನಾಗಲಿ ದಕ್ಷತೆಯನ್ನಾಗಲಿ ಅಳೆಯುವುದಿಲ್ಲ.

## ಅಧ್ಯಯನ ಮಾಡುವವರಿಗೆ

ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂದು ಟಿಕ್ ಹಾಕಿಸದೆ ನೇರವಾಗಿ ಸಾಮರ್ಥ್ಯವನ್ನೇ ಅಳೆಯುವ ಪರೀಕ್ಷೆ ಇಲ್ಲವೇ?

ಇದೆ. ಅಮೆರಿಕದ ರಿಚರ್ಡ್ ಲೇನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಭಾವನಾತ್ಮಕ ಅರಿವಿನ ಮಟ್ಟಗಳ ಮಾಪಕ ಆ ಬಗೆಯದು. ಅದರಲ್ಲಿ 20 ಸನ್ನಿವೇಶಗಳಿರುತ್ತವೆ. ನಿಮಗೆ ಹೇಗನಿಸುತ್ತದೆ, ಎದುರಿನವರಿಗೆ ಹೇಗನಿಸುತ್ತದೆ ಎಂದು ಸ್ವಂತ ಮಾತಿನಲ್ಲಿ ಬರೆಯಬೇಕು. ಅಂಕ ಹಾಕುವ ಬಗೆಯನ್ನು ನಾನೇ ಮಾಡಿಕೊಂಡ ಸನ್ನಿವೇಶದಲ್ಲಿ ತೋರಿಸುತ್ತೇನೆ. ಊರಿನಿಂದ ಅಣ್ಣ ಫೋನ್ ಮಾಡಿ, ಅಪ್ಪನ ಕಾಲದ ಅಡಿಕೆ ತೋಟವನ್ನು ಮಾರಿಬಿಟ್ಟೆ ಎನ್ನುತ್ತಾನೆ ಎಂದಿಟ್ಟುಕೊಳ್ಳಿ.

‘ಇನ್ನೂ ಒಳ್ಳೆಯ ಬೆಲೆ ಬರುತ್ತಿತ್ತು ಅನಿಸುತ್ತದೆ’ ಎಂದು ಬರೆದರೆ 0, ಏಕೆಂದರೆ ಅದು ಅಭಿಪ್ರಾಯ, ಭಾವನೆಯಲ್ಲ. ‘ತಲೆ ಸುತ್ತುತ್ತದೆ’ ಎಂದರೆ 1. ‘ಕೆಟ್ಟದೆನಿಸುತ್ತದೆ’ ಅಥವಾ ‘ಫೋನ್ ಇಟ್ಟುಬಿಡಬೇಕೆನಿಸುತ್ತದೆ’ ಎಂದರೆ 2. ‘ದುಃಖವಾಗುತ್ತದೆ’ ಎಂದು ಒಂದು ಸ್ಪಷ್ಟ ಭಾವನೆಯನ್ನು ಹೇಳಿದರೆ 3. ‘ದುಃಖವಾಗುತ್ತದೆ, ನನ್ನನ್ನು ಒಂದು ಮಾತು ಕೇಳಲಿಲ್ಲವೆಂದು ಸಿಟ್ಟೂ ಬರುತ್ತದೆ’ ಎಂದರೆ 4. ತನ್ನ ಬಗ್ಗೆ ಹೀಗೆ ಬರೆದ ಮೇಲೆ, ‘ಅಣ್ಣನಿಗೆ ಸಾಲ ತೀರಿತೆಂಬ ನಿರಾಳವೂ ಇರುತ್ತದೆ, ನನಗೆ ಹೇಳುವಾಗ ಅಳುಕೂ ಇರುತ್ತದೆ’ ಎಂದು ಅವನದನ್ನೂ ಬೇರೆಯಾಗಿ ಬಿಡಿಸಿದರೆ 5.

ಕನ್ನಡದಲ್ಲಿ ಇದನ್ನು ಮಾಡುವವರಿಗೆ ಮೊದಲು ಎದುರಾಗುವ ಪದ ‘ಬೇಜಾರು’. ಅದು ದುಃಖಕ್ಕೂ, ಏಕತಾನತೆಗೂ, ಅಸಮಾಧಾನಕ್ಕೂ ನಡೆಯುತ್ತದೆ. ಅದಕ್ಕೆ 2 ಕೊಡಬೇಕೋ 3 ಕೊಡಬೇಕೋ ಎಂಬುದನ್ನು ಅಂಕ ಹಾಕುವ ಮುನ್ನವೇ ನಿರ್ಧರಿಸಿ ಪದಪಟ್ಟಿಯಲ್ಲಿ ಬರೆದಿಡಬೇಕು. ಇನ್ನೊಂದು ಮಾತು: ಈ ಪರೀಕ್ಷೆಯ ಅಂಕಕ್ಕೂ ಟಿ.ಎ.ಎಸ್-20ರ ಅಂಕಕ್ಕೂ ಹೊಂದಾಣಿಕೆ ಸಾಮಾನ್ಯವಾಗಿ ಕಡಿಮೆ. ‘ನನಗೆ ಬರುವುದಿಲ್ಲ’ ಎಂಬ ನಂಬಿಕೆಯೂ ನಿಜವಾದ ಸಾಮರ್ಥ್ಯವೂ ಒಂದೇ ಅಲ್ಲ.

ಪರ್ತ್ ಪ್ರಶ್ನಾವಳಿ ಅಂತ ಹೊಸದು ಬಂದಿದೆಯಂತೆ. ಅದರಲ್ಲಿ ಹೆಚ್ಚೇನಿದೆ?

ಆಸ್ಟ್ರೇಲಿಯಾದ ಡೇವಿಡ್ ಪ್ರೀಸ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಈ ಪ್ರಶ್ನಾವಳಿಯಲ್ಲಿ 24 ಹೇಳಿಕೆಗಳಿವೆ, ಪ್ರತಿಯೊಂದಕ್ಕೂ 1ರಿಂದ 7. ಇದರ ದೊಡ್ಡ ಅನುಕೂಲವೆಂದರೆ ಗುರುತಿಸುವ ಮತ್ತು ವಿವರಿಸುವ ಕಷ್ಟಗಳನ್ನು ಹಿತಕರ ಭಾವನೆಗಳಿಗೆ ಬೇರೆಯಾಗಿ, ಅಹಿತಕರ ಭಾವನೆಗಳಿಗೆ ಬೇರೆಯಾಗಿ ಕೇಳುವುದು. ಸಿಟ್ಟು, ಸಂಕಟಗಳನ್ನು ತಟ್ಟನೆ ಗುರುತಿಸಿ, ಖುಷಿಯಾದಾಗ ಮಾತ್ರ ಅದು ಖುಷಿ ಎಂದು ತಿಳಿಯದವರಿದ್ದಾರೆ. ಹಳೆಯ ಮಾಪಕದಲ್ಲಿ ಅವರು ಕಣ್ಣಿಗೆ ಬೀಳುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನ ಬೆರ್ಮಂಡ್ ಮತ್ತು ವೋರ್ಸ್ಟ್ ಅವರ 40 ಹೇಳಿಕೆಗಳ ಪ್ರಶ್ನಾವಳಿ ಇದಕ್ಕಿಂತ ಹಳೆಯದು. ಕಲ್ಪನೆಯ ಕೊರತೆಯನ್ನೂ ಅಳೆಯಬೇಕೆನ್ನುವವರು ಅದನ್ನು ನೋಡಬಹುದು.

ಎಂ.ಎ. ಪ್ರಾಜೆಕ್ಟಿಗೆ ಇಂಗ್ಲಿಷ್ ಪ್ರಶ್ನಾವಳಿಯನ್ನು ನಾನೇ ಕನ್ನಡಕ್ಕೆ ಮಾಡಿಕೊಂಡು ಬಳಸಬಹುದೇ?

ಒಬ್ಬರೇ ಕುಳಿತು ಒಂದು ಸಂಜೆಯಲ್ಲಿ ಮಾಡಿದ ಅನುವಾದದಿಂದ ಬಂದ ಅಂಕಗಳನ್ನು 51, 61 ಎಂಬ ಗೆರೆಗಳಿಗೆ ಹೋಲಿಸುವಂತಿಲ್ಲ. ಮೊದಲು ಹಕ್ಕುದಾರರ ಅನುಮತಿ ಪಡೆಯಬೇಕು. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಿ, ಎರಡನ್ನೂ ಹೋಲಿಸಿ ಒಂದು ಮಾಡಬೇಕು. ಮೂಲವನ್ನು ನೋಡಿರದ ಮೂರನೆಯವರು ಅದನ್ನು ಮರಳಿ ಇಂಗ್ಲಿಷಿಗೆ ತರಬೇಕು. ಆಮೇಲೆ ಧಾರವಾಡ, ಮಂಗಳೂರು, ಕಲಬುರಗಿ, ಮೈಸೂರು ಕಡೆಯ, ಓದು ಕಡಿಮೆಯಿರುವವರೂ ಸೇರಿದಂತೆ ಕೆಲವರ ಮುಂದೆ ಒಂದೊಂದೇ ಹೇಳಿಕೆಯನ್ನು ಓದಿ, ‘ಇದು ನಿಮ್ಮನ್ನು ಏನು ಕೇಳುತ್ತಿದೆ, ನಿಮ್ಮ ಮಾತಿನಲ್ಲಿ ಹೇಳಿ’ ಎನ್ನಬೇಕು.

ಈ ಕೊನೆಯ ಹಂತವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಹೆಚ್ಚು ಕಲಿಯಲು ಸಿಗುವುದು ಅಲ್ಲಿಯೇ. ‘ನನ್ನ ಭಾವನೆಯಲ್ಲಿ ಅದು ತಪ್ಪು’ ಎಂದು ನಾವು ಆಡುವ ಮಾತಿನಲ್ಲಿ ಭಾವನೆ ಎಂದರೆ ಅಭಿಪ್ರಾಯ. ‘ನನ್ನ ಭಾವನೆಗಳನ್ನು ಸುಲಭವಾಗಿ ವ್ಯಕ್ತಪಡಿಸುತ್ತೇನೆ’ ಎಂಬ ಹೇಳಿಕೆಯನ್ನು ‘ನನಗೆ ಅನಿಸಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ’ ಎಂದು ಅರ್ಥಮಾಡಿಕೊಂಡವರು ಧೈರ್ಯದ ಬಗ್ಗೆ ಉತ್ತರಿಸುತ್ತಾರೆ, ಭಾವನೆಯ ಬಗ್ಗೆ ಅಲ್ಲ. ನಿರಾಕರಣೆಯುಳ್ಳ ಉದ್ದದ ವಾಕ್ಯಗಳಲ್ಲಿಯೂ ಇಂಥ ಎಡವಟ್ಟಾಗುತ್ತದೆ.

ಇಷ್ಟಾದ ಮೇಲೆ ಕೆಲವು ನೂರು ಜನರ ಉತ್ತರಗಳ ಮೇಲೆ ಅಂಶ ವಿಶ್ಲೇಷಣೆ (ಯಾವ ಹೇಳಿಕೆಗಳು ಒಟ್ಟಿಗೆ ಗುಂಪುಗೂಡುತ್ತವೆ ಎಂದು ನೋಡುವ ಲೆಕ್ಕ) ಮತ್ತು ಮರುಪರೀಕ್ಷೆ ಮಾಡಬೇಕು. ಟಿ.ಎ.ಎಸ್-20ರ ಹಿಂದಿ ರೂಪವನ್ನು ರಾಕೇಶ್ ಪಾಂಡೆ, ಮಾನಸ್ ಮಂಡಲ್ ಅವರು ಟೊರಾಂಟೊದ ಟೇಲರ್ ಮತ್ತು ಪಾರ್ಕರ್ ಜೊತೆಗೂಡಿ ಸಿದ್ಧಪಡಿಸಿ 1996ರಲ್ಲಿ ಪ್ರಕಟಿಸಿದರು. ಭಾರತೀಯ ಭಾಷೆಯೊಂದಕ್ಕೆ ತರುವ ಕ್ರಮವನ್ನು ಕಲಿಯಲು ಅದನ್ನು ಓದಿ. ಒಂದು ಸೆಮಿಸ್ಟರ್‌ನಲ್ಲಿ ಇದೆಲ್ಲ ಆಗದಿದ್ದರೆ, ಅನುವಾದ ಮತ್ತು ಅರ್ಥಗ್ರಹಣದ ಸಂದರ್ಶನಗಳನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಿ. ಕನ್ನಡಕ್ಕೆ ಅದರಿಂದಾಗುವ ಪ್ರಯೋಜನ ಇನ್ನೊಂದು ಸರಾಸರಿಯ ಕೋಷ್ಟಕದಿಂದ ಆಗುವುದಿಲ್ಲ.

ಹೊರಮುಖ ಯೋಚನೆಯ ಭಾಗದ ಆಲ್ಫಾ, ಅಂದರೆ ಆಂತರಿಕ ವಿಶ್ವಾಸಾರ್ಹತೆಯ ಅಂಕಿ, 0.6ನ್ನೂ ಮುಟ್ಟುತ್ತಿಲ್ಲ. ನನ್ನ ದತ್ತಾಂಶದಲ್ಲಿ ತಪ್ಪಿದೆಯೇ?

ಇರಲಾರದು. ಅನೇಕ ಭಾಷೆಗಳ ಅನುವಾದಗಳಲ್ಲಿ ಇದೇ ಕಂಡುಬಂದಿದೆ. ಆ ಭಾಗದ 8 ಹೇಳಿಕೆಗಳಲ್ಲಿ 4 ತಿರುವಿದ ಹೇಳಿಕೆಗಳು. ಇಡೀ ಮಾಪಕದ ಐದು ತಿರುವಿದ ಹೇಳಿಕೆಗಳಲ್ಲಿ ನಾಲ್ಕು ಇಲ್ಲಿಯೇ ಇವೆ. ಜೊತೆಗೆ ಕೆಲವು ಹೇಳಿಕೆಗಳು ಮನರಂಜನೆಯ ಅಭಿರುಚಿಯನ್ನು ಕೇಳುತ್ತವೆ, ಅದರ ಮೇಲೆ ಓದು ಮತ್ತು ವರ್ಗದ ಪ್ರಭಾವವಿದೆ. ಚೀನೀ ಮೂಲದ ಮತ್ತು ಯುರೋಪ್ ಮೂಲದ ಕೆನಡಾದ ವಿದ್ಯಾರ್ಥಿಗಳನ್ನು ಹೋಲಿಸಿದ 2012ರ ಅಧ್ಯಯನದಲ್ಲಿ ಈ ಭಾಗದ ಅಂತರಕ್ಕೆ ಸಾಂಸ್ಕೃತಿಕ ಮೌಲ್ಯಗಳ ವ್ಯತ್ಯಾಸ ಕಾರಣವೆಂದು ಕಂಡುಬಂದಿತು: ಒಳಗನ್ನು ಕೆದಕಿ ನೋಡುವುದಕ್ಕೆ ಎಲ್ಲ ಸಮಾಜಗಳೂ ಒಂದೇ ಬೆಲೆ ಕೊಡುವುದಿಲ್ಲ. ಮೊದಲು ಅಂಕಗಳನ್ನು ಸರಿಯಾಗಿ ತಿರುವಿದ್ದೀರೇ ಎಂದು ನೋಡಿ. ತಿರುವಿದ್ದರೆ, ಮೂರು ಭಾಗಗಳ ಅಂಕಗಳನ್ನೂ ಬೇರೆ ಬೇರೆಯಾಗಿ ವರದಿ ಮಾಡಿ, ಕಡಿಮೆ ಬಂದ ಆಲ್ಫಾವನ್ನು ಬಂದಂತೆಯೇ ಬರೆಯಿರಿ. ಹೇಳಿಕೆಗಳನ್ನು ಸದ್ದಿಲ್ಲದೆ ಕಿತ್ತುಹಾಕಿ ಸಂಖ್ಯೆ ಏರಿಸಬೇಡಿ.

ಹೃದಯಬಡಿತ, ಬೆವರು, ಮೆದುಳಿನ ಸ್ಕ್ಯಾನ್ ಇವುಗಳಿಂದ ನಿಖರವಾಗಿ ತಿಳಿಯಬಹುದಲ್ಲವೇ?

ಒಬ್ಬ ವ್ಯಕ್ತಿಯ ಮಟ್ಟಿಗೆ ಹಾಗೆ ತಿಳಿಸುವ ಯಾವ ಉಪಕರಣವೂ ಇಲ್ಲ. ತನ್ನ ಹೃದಯಬಡಿತವನ್ನು ನಾಡಿ ಮುಟ್ಟದೆ ಎಣಿಸುವ ಪರೀಕ್ಷೆಯಲ್ಲಿ ಅಲೆಕ್ಸಿಥೈಮಿಯಾ ಹೆಚ್ಚಿರುವವರು ಹಿಂದೆ ಬೀಳುತ್ತಾರೆ ಎಂದು 2011ರಲ್ಲಿ ಜರ್ಮನಿಯ ಸಂಶೋಧಕರು ವರದಿ ಮಾಡಿದರು. ಆದರೆ ಆ ಪರೀಕ್ಷೆಯನ್ನೇ ಅನೇಕರು ಪ್ರಶ್ನಿಸಿದ್ದಾರೆ: ನಿಮಿಷಕ್ಕೆ ಎಷ್ಟು ಬಡಿತ ಸಾಮಾನ್ಯವೆಂದು ಗೊತ್ತಿರುವವರು ಏನನ್ನೂ ಅನುಭವಿಸದೆ ಹತ್ತಿರದ ಸಂಖ್ಯೆಯನ್ನು ಊಹಿಸಿಬಿಡಬಲ್ಲರು. ಚರ್ಮದ ಬೆವರಿನ ಅಳತೆಗಳಲ್ಲಿ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಸ್ಕ್ಯಾನ್‌ಗಳಲ್ಲಿ ಸಿಗುವುದು ಗುಂಪು ಗುಂಪುಗಳ ಸರಾಸರಿ ವ್ಯತ್ಯಾಸ. ದೇಹ ಉದ್ರಿಕ್ತವಾಗಿದೆ ಎಂದು ಯಂತ್ರ ಹೇಳಬಲ್ಲದು. ಆ ಉದ್ರೇಕಕ್ಕೆ ಆ ವ್ಯಕ್ತಿ ಒಳಗೆ ಯಾವ ಹೆಸರು ಕೊಟ್ಟರು, ಅಥವಾ ಹೆಸರೇ ಸಿಗದೆ ಉಳಿದರು ಎಂಬುದನ್ನು ಇಂದಿಗೂ ಅವರನ್ನೇ ಕೇಳಬೇಕು.